ದೇವಿ ಹಬ್ಬ, ಮಾರ್ಚ್ ಒಂದು

ಬಂದ ಹೊಸತು. ಹೆರಿಗೆ ವಾರ್ಡಿನಲ್ಲಿ ಚಹಾದ ಹೊತ್ತು.
ಮೆಲೇರಿ ಅಂದಳು: ನಾಳೆ ದೆವಿಯ ಹಬ್ಬ.
ನನ್ನ ಕಿವಿ ಊರಿನದು, ದೇವಿ ಎಂದೇ ಕೇಳಿತು.
ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹೋದೆ,
ತೊಡಲು ಬಿಡದ ಹಸಿರು ಬಳೆ ಜೇಬಿನಲ್ಲಿಟ್ಟು.

ನೋಡಿದರೆ ಗಡ್ಡದ ಗಂಡಸು!
ಶಾಲೆಯ ಮಕ್ಕಳು ಬರೆದು ಗೋಡೆಗಂಟಿಸಿದ ಚಿತ್ರ,
ಹೆಗಲ ಮೇಲೆ ಪಾರಿವಾಳ, ಕೈಯಲ್ಲಿ ಈರುಳ್ಳಿಗಿಡ.
ಈರುಳ್ಳಿಯಲ್ಲ, ಲೀಕ್, ಎಂದು ತಿದ್ದಿದಳು ಮೆಲೇರಿ,
ಇಡೀ ವೇಲ್ಸಿಗೆ ಕಾವಲು ಇವನು, ದೆವಿ ಸಾಂಟ್.
ನಾನೇಕೆ ನಕ್ಕೆನೆಂದು ಅವಳಿಗೆ ತಿಳಿಯಲಿಲ್ಲ.

ನೀರು ಬಿಟ್ಟು ಬೇರೆ ಕುಡಿದವನಲ್ಲವಂತೆ.
ಎತ್ತಿನ ನೊಗಕ್ಕೆ ತನ್ನವರ ಹೆಗಲನ್ನೇ ಕೊಟ್ಟವನಂತೆ.
ಬ್ರೆವಿಯ ಸಭೆಯಲ್ಲಿ ಜನವೋ ಜನ,
ಹಿಂದಿದ್ದವರಿಗೆ ಮಾತು ಮುಟ್ಟದೆ ಹೋದಾಗ
ಅವನು ನಿಂತ ನೆಲ ಮೆಲ್ಲಗೆ ಎದ್ದು
ಗುಡ್ಡವಾಯಿತಂತೆ.
ಕಾಲಡಿಯ ನೆಲ ಕುಸಿಯಿತು ಎನ್ನುವುದಷ್ಟೇ
ನಮ್ಮ ಮಾತಿನಲ್ಲಿದೆ. ಏಳುವುದಕ್ಕೆ
ನುಡಿಗಟ್ಟು ಹುಡುಕಿದೆ, ಸಿಗಲಿಲ್ಲ.

ಅಪ್ಪ? ಅಂದೆ, ಕೇಸ್ ಶೀಟು ತುಂಬುವ ಅಭ್ಯಾಸ.
ಒಬ್ಬ ಅರಸ. ದಾರಿಯಲ್ಲಿ ಕಂಡ ಹುಡುಗಿಯನ್ನು
ಹಿಡಿದು ಕೆಡಿಸಿದ.
ಹೆಸರು ಸಾಂಟ್. ಹೌದು, ಸಂತ ಅಂತಲೇ ಅರ್ಥ.
ಲೋಟ ಕೆಳಗಿಟ್ಟೆ.
ತಾಯಿ?
ನಾನ್, ಅಂದಳು ಮೆಲೇರಿ.
ನೀನಾ? ಎಂದು ಬಾಯಿಗೆ ಬಂದಿತ್ತು.

ಇದು ಹದಿನಾಲ್ಕನೆಯ ಮಾರ್ಚ್. ನೈಟ್ ಶಿಫ್ಟ್ ಮುಗಿಸಿ
ಎಮ್ಲಿನ್‌ನ ಬಸ್ಸಿನಲ್ಲಿ ತೂಕಡಿಸುತ್ತ ಬಂದಿದ್ದೇನೆ.
ಊರೊಳಗೆ ಬಾವುಟ, ಬ್ಯಾಂಡು, ಕತೀಡ್ರಲ್ಲಿನ ಗಂಟೆ, ಅವನಿಗೆ.
ನಾನು ಕಡಲಂಚಿನ ದಾರಿ ಹಿಡಿಯುತ್ತೇನೆ.
ಬಿದ್ದ ಗುಡಿಯ ಮೋಟುಗೋಡೆ, ಒಳಗೆ ಮೇಯುವ ಹಸು,
ಆಚೆ ಬಾವಿ. ಅವಳು ಹೆತ್ತಾಗ ಉಕ್ಕಿದ್ದಂತೆ.
ಗಾಳಿ, ಸಿಡಿಲು, ಹತ್ತಿರ ಯಾರೂ ಇಲ್ಲ,
ಹಿಡಿಯಲು ಸಿಕ್ಕಿದ್ದೊಂದು ಬಂಡೆ.
ಮೇಣದಲ್ಲಿ ಮೂಡಿದಂತೆ ಬೆರಳು ಮೂಡಿ,
ತಾಳಲಾರದೆ ಬಂಡೆಯೇ ಎರಡಾಯಿತಂತೆ.

ಐನೂರು ವರ್ಷದ ಮೇಲೆ ಇದನ್ನು ಬರೆದಿಟ್ಟವನು
ಬಿಷಪ್ಪರ ಮಗ. ನಂಬಲು ನನಗೆ ಅವನು ಬೇಡ.
ಈ ಮಣಿಕಟ್ಟು ನೋಡಿ. ಬೆಳಗಿನ ಮೂರು ಗಂಟೆಗೆ
ಮಿಲ್‌ಫರ್ಡಿನ ಹುಡುಗಿ ಹಿಡಿದದ್ದು,
ಹತ್ತೊಂಬತ್ತು ಅವಳಿಗೆ. ಫಾರ್ಮಿನಲ್ಲಿ
ತಂದೆಯ ಹೆಸರು ಎಂಬಲ್ಲಿ ಪೆನ್ನು ನಿಂತಿತು,
ಆಮೇಲೆ ಗೆರೆ ಎಳೆದಳು. ನಾನು ಏನೂ ಕೇಳಲಿಲ್ಲ.
ನಾಲ್ಕು ನೀಲಿ ಗುರುತು, ಹೆಬ್ಬೆರಳಿನದು ಬೇರೆ.

ಸಾಯುವಾಗ ಮಗ ಹೇಳಿದನಂತೆ
ಚಿಕ್ಕಪುಟ್ಟದ್ದನ್ನು ಮಾಡಿ, ನನ್ನಲ್ಲಿ ಕಂಡಂಥದನ್ನು.
ಎಲ್ಲಿ ಕಲಿತನೋ!
ಹೊಕ್ಕುಳಬಳ್ಳಿ ಕೊಯ್ಯಲು ಯಾರೂ ಇಲ್ಲದಲ್ಲಿ
ಕೊಯ್ದವಳೂ ಅವಳೇ ಇರಬೇಕು,
ಒರೆಸಿದವಳೂ, ಸುತ್ತಿದವಳೂ.

ಕಣ್ಣಿಗೆ ಒಳ್ಳೆಯದಂತೆ ಈ ನೀರು. ಬೊಗಸೆ ತುಂಬಿ
ನಿದ್ದೆಗೆಟ್ಟ ಕಣ್ಣಿಗೆ ಎರಚಿಕೊಳ್ಳುತ್ತೇನೆ. ಕೊರೆಯುತ್ತದೆ.
ತಳದಲ್ಲಿ ಯಾರ‍್ಯಾರದೋ ಪೆನ್ನಿ, ಒಂದು ಕೀಲಿಕೈ.
ಜೇಬಿನ ಬಳೆ ತೆಗೆದು ತೊಡುತ್ತೇನೆ,
ನೀಲಿಯ ಮೇಲೆ ಹಸಿರು.
ಮೇಲಿನ ದಾರಿಯಿಂದ ಪ್ರವಾಸಿಯೊಬ್ಬ ಕೂಗುತ್ತಾನೆ,
ಯಾರ ಹೆಸರಿನ ಬಾವಿ ಅದು?

ನಾನ್, ಎನ್ನುತ್ತೇನೆ.
ಅವನು ತಲೆಯಾಡಿಸಿ, ಫೋಟೋ ಹೊಡೆದುಕೊಂಡು,
ಬ್ಯಾಂಡಿನ ಸದ್ದು ಬಂದ ಕಡೆ ನಡೆಯುತ್ತಾನೆ.