ಚೆರ್ರಿ ಮರದ ಡಿಸ್ಕು

ಹಳೆಯದು ಇನ್ನೂ ಇದೆ ಎಂದಿತು ಹೊಸದು,
ಮೊದಲು ಅದನ್ನು ತೆಗೆ, ಆಮೇಲೆ ನನ್ನನ್ನು ಕರೆ.
ಹಳೆಯದನ್ನು ತೆಗೆಯಹೋದರೆ
ನಾನು ಇಲ್ಲವೇ ಇಲ್ಲ ಎಂದಿತು ಅದು.

ಕಂದವಾ ಊರಿನ ಹಾಲಿನ ಸಂಘ, ಜುಲೈ, ರಾತ್ರಿ ಹತ್ತೂವರೆ.
ಲಾಟ್ವಿಯಾದಲ್ಲಿ ಈ ತಿಂಗಳು ಕತ್ತಲೆಗೆ ಅರ್ಧ ರಜೆ;
ಕಿಟಕಿಯಾಚೆ ಆಕಾಶ
ಕೆನೆ ತೆಗೆದ ಹಾಲಿನ ಹಾಗೆ ತೆಳು ನೀಲಿ.
ನಾಲ್ಕು ಗಂಟೆಗೆ ಟ್ಯಾಂಕರುಗಳು ಬರುತ್ತವೆ.
ಕೊಬ್ಬು ಅಳೆಯುವ ಯಂತ್ರ ಅಷ್ಟರಲ್ಲಿ
ನಾಲ್ಕನೆಯ ಆವೃತ್ತಿಯನ್ನು ಮರೆಯಬೇಕು,
ಏಳನೆಯದನ್ನು ಕಲಿಯಬೇಕು. ಕಲಿಸುವ ಕೆಲಸ ನನ್ನದು,
ರೀಗಾದಿಂದ ಬಸ್ಸಿನಲ್ಲಿ ಬಂದವನದು.

ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಎಂದುಕೊಂಡಿದ್ದೆ.
ಈ ಕೂದಲಿಗೆ ಬೇರುಗಳಿದ್ದವು.
ಫೋಲ್ಡರ್ ಅಳಿಸಿದೆ. ಶಾರ್ಟ್‌ಕಟ್ ಅಳಿಸಿದೆ.
ರಿಜಿಸ್ಟ್ರಿಯ ಕಗ್ಗಾಡಿನಲ್ಲಿ ಅದರ ಹೆಸರು ಹಿಡಿದು
ಒಂದೊಂದೇ ಸಾಲು ಕಿತ್ತೆ
(ಎರಡು ಬೇರೆ ಯಾರದೋ ಇದ್ದವು; ಆಮೇಲೆ ಪ್ರಿಂಟರು ಮಾತಾಡಲಿಲ್ಲ).
ಮತ್ತೆ ಶುರು ಮಾಡಿದೆ. ಮತ್ತೆ ಅದೇ ಬೂದು ಚೌಕ:
ಹಳೆಯದು ಇದೆ. ತೆಗೆಯಲು ಮೂಲ ಡಿಸ್ಕನ್ನು ಹಾಕಿ.

ತೊಳೆಯದ ಗಡಿಗೆಗೆ ಹೊಸ ಹಾಲು ಹೊಯ್ದರೆ
ಬೆಳಿಗ್ಗೆ ಏನಾಗಿರುತ್ತದೆಂದು
ಈ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು, ನನ್ನೊಬ್ಬನ ಹೊರತು.

ಕಾವಲುಗಾರ ಇಲ್ಗವಾರ್ಸ್ ಚಹಾದ ಲೋಟ ಇಟ್ಟು ಹೇಳಿದ:
ಡಿಸ್ಕೇ? ಅದು ಜಿದ್ರಾಳ ಹತ್ತಿರ.
ಹದಿನಾರು ವರ್ಷ ಈ ಕುರ್ಚಿ ಅವಳದು.
ಈಗ ಅವಳ ಚೆರ್ರಿ ಮರದಲ್ಲಿದೆ.

ಅವನ ವ್ಯಾನಿನಲ್ಲಿ ಹನ್ನೊಂದು ಕಿಲೋಮೀಟರು.
ನಿಜವಾಗಿಯೂ ಮರದಲ್ಲಿತ್ತು.
ಮೀನಿನ ಗಾಳದ ದಾರಕ್ಕೆ ಕಟ್ಟಿದ ಒಂಬತ್ತು ಡಿಸ್ಕುಗಳು
ಕಬ್ಬಕ್ಕಿಗಳ ಕಣ್ಣಿಗೆ ಬೆಳಕು ಚುಚ್ಚಲು ಕಾದಿದ್ದವು:
ಒಂದರಲ್ಲಿ ಯಾರದೋ ಮದುವೆ, ಒಂದರಲ್ಲಿ ತೆರಿಗೆಯ ನಮೂನೆ,
ಐದನೆಯದರಲ್ಲಿ ನಾಲ್ಕನೆಯ ಆವೃತ್ತಿ.
ಜಿದ್ರಾ ರಬ್ಬರ್ ಬೂಟಿನಲ್ಲೇ ಏಣಿ ಹತ್ತಿ
ದಾರವನ್ನು ಹಲ್ಲಿನಲ್ಲಿ ಕಡಿದಳು,
ಹಿಕ್ಕೆಯನ್ನು ಸೋಪಿನಲ್ಲಿ ತೊಳೆದಳು,
ಮಧ್ಯದಿಂದ ಅಂಚಿಗೆ ಒರೆಸಬೇಕು, ಸುತ್ತ ಅಲ್ಲ,
ಎಂದು ನನಗೆ ಕಲಿಸಿದಳು.
ಕೋಟು ಹಾಕಿಕೊಂಡು ತಾನೂ ಹೊರಟಳು.

ಡ್ರೈವು ಗರಗರ ಅಂದಿತು, ಕೆಮ್ಮಿತು,
ಶೇಕಡಾ ಅರವತ್ತೆರಡರಲ್ಲಿ ನಿಂತಿತು. ನಾನು ಕೈ ಚಾಚಿದೆ.
ಮುಟ್ಟಬೇಡ, ಎಂದಳು, ಅದು ಅಲ್ಲಿ ಯಾವಾಗಲೂ ಯೋಚಿಸುತ್ತದೆ.
ಯೋಚಿಸಿತು.
ಆಮೇಲೆ ಹಳೆಯದು ತನ್ನ ಹಾಸಿಗೆ ತಾನೇ ಸುತ್ತಿಕೊಂಡು
ಹೊರಟುಹೋಯಿತು, ಒಂದು ಕಡತ ಬಿಟ್ಟು.

ಈ ಕಡತವನ್ನು ಬಳಕೆದಾರರು ತಿದ್ದಿದ್ದಾರೆ. ಇದರ ಮೇಲೆ ಬರೆಯಲೇ?

ತೆರೆದು ನೋಡಿದೆ. ಅವಳ ತಿದ್ದುಪಡಿ ಒಂದೇ:
ಹತ್ತಕ್ಕಿಂತ ಕಡಿಮೆ ಹಸು ಇದ್ದವರ ಹಾಲಿಗೆ
ಕೊಬ್ಬಿನ ಕೊನೆಯ ಅಂಕಿ ಮೇಲಕ್ಕೇರಲಿ,
ಉಳಿದವರಿಗೆ ಯಂತ್ರ ಹೇಳಿದಂತೆ.
ಹದಿನಾರು ವರ್ಷ. ಲೀಟರಿಗೆ ಒಂದು ಕಾಸೂ ಆಗದಷ್ಟು.
ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಹಿಂದೆ ತಿರುಗಿದೆ. ಜಿದ್ರಾ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು,
ಕಳೆದ ವರ್ಷದ್ದು, ಬಹಳ ಆಸಕ್ತಿಯಿಂದ.
ಇಲ್ಗವಾರ್ಸ್, ಅವನಿಗೆ ಏಳು ಹಸು,
ಎಂದೋ ಕರಗಿದ ಸಕ್ಕರೆಯನ್ನು ಕದಡುತ್ತಲೇ ಇದ್ದ.

ಹೌದು, ಇಲ್ಲ; ಇದ್ದದ್ದು ಎರಡೇ ಗುಂಡಿ.
ಒಂದನ್ನು ಒತ್ತಿದೆ. ಯಾವುದೆಂದು ವರದಿಯಲ್ಲಿ ಬರೆದಿಲ್ಲ.
ಈಗ ಪ್ರತಿ ಬೆಳಿಗ್ಗೆ ಏಳನೆಯ ಆವೃತ್ತಿ
ಮೂಲೆಯಲ್ಲೊಂದು ಹಳದಿ ತ್ರಿಕೋನ ತೋರಿಸುತ್ತದಂತೆ,
ಅದನ್ನು ಮುಚ್ಚಿಯೇ ಅವರು ಕ್ಯಾನುಗಳನ್ನು ತೆರೆಯುತ್ತಾರಂತೆ.

ಐದು ಗಂಟೆಯ ಬಿಸಿಲಿನಲ್ಲಿ ಡಿಸ್ಕು ವಾಪಸು ಕೊಟ್ಟೆ.
ಹೊಸದರದೂ ಒಂದು ಕೊಡು, ಎಂದಳು, ಒಂಬತ್ತು ಸಾಲದು.
ಹೊಸದಕ್ಕೆ ಡಿಸ್ಕಿಲ್ಲ, ತಂತಿಯಲ್ಲಿ ಬರುತ್ತದೆ, ಎಂದೆ.
ಅವಳು ಮರದ ಕಡೆ ನೋಡಿದಳು.
ಬರಿದಾದ ಆ ಒಂದು ಕೊಂಬೆಯಲ್ಲಿ
ತೊಟ್ಟುಗಳು, ತೊಟ್ಟುಗಳಿಗೆ ಅಂಟಿದ ಬಿಳಿ ಬೀಜ,
ಮತ್ತು ನಮ್ಮನ್ನು ಲೆಕ್ಕಕ್ಕೇ ಇಡದ ಒಂದು ಕಬ್ಬಕ್ಕಿ.