ಖಾಲಿ ತೂಕ

ಐನೂರು ಅಕ್ಷರ ಕೊಟ್ಟಾರ,
ಅಷ್ಟರಾಗ ನನ್ನ ನಾ ಹೇಳಬೇಕಂತ.
ಅಕ್ಕನ ಮಗಳು ಸ್ನೇಹಲ್ ಆ್ಯಪ್ ಹಾಕಿಕೊಟ್ಟು
"ಮೌಶಿ, ಖರೇ ಬರಿ, ಆದ್ರ ಪೂರಾ ಖರೇ ಬ್ಯಾಡ.
ಕನ್ನಡದಾಗ ಬರದ್ರ ಯಾರು ಓದ್ತಾರ?"
ಅಂತ ಪಣಜಿ ಬಸ್ಸಿಗೆ ಓಡಿದ್ಲು.
ಓದಾಂವ ಓದ್ತಾನ.

ವಾಸ್ಕೋ ಬಂದರದ ಕಾಟಾದಾಗ ರಾತ್ರಿ ಪಾಳಿ.
ಕಿಟಕಿಗೆ ಕಲ್ಲಿದ್ದಲ ಧೂಳು,
ಬೆರಳಿಲೆ ಹೆಸರು ಬರೀಬಹುದು, ಅಷ್ಟು.
ಮೊದಲ ಬರದದ್ದು:
"ಸರಳ ಸ್ವಭಾವ. ಪ್ರವಾಸ, ಹಾಡು, ಸಮುದ್ರ ಇಷ್ಟ."
ಓದಿದೆ. ಯಾರೀಕಿ?
ಹದಿನಾರು ವರ್ಷದಾಗ ಒಮ್ಮೆನೂ
ಮೊಣಕಾಲ ದಾಟಿ ನೀರಿಗೆ ಇಳೀಲಾರದಾಕಿಗೆ
ಸಮುದ್ರ ಇಷ್ಟಂತ.
ಅಳಿಸಿದೆ.

ಹೊಸಪೇಟಿ ಲಾರಿ ಬಂತು, ಕಾಟಾ ಹತ್ತಿತು.
ಇಲ್ಲಿ ರಿವಾಜು ಇಷ್ಟ:
ಮೊದಲ ಖಾಲಿ ಗಾಡಿ ತೂಗೂದು, ಆಮ್ಯಾಲೆ ತುಂಬಿದ್ದು.
ಕಳದ್ರ ಉಳೀತೈತಲ್ಲ, ಅದ ಮಾಲು.
ನನ್ನ ಖಾಲಿ ತೂಕ ಎಷ್ಟು?
ಗಂಡ ಇದ್ದಾಗಿಂದು, ಬಿಟ್ಟಾಗಿಂದು,
ಅವ್ವನ ದವಾಖಾನಿ ವರ್ಷ ಹೊತ್ತು ತಿರುಗಿದ್ದು,
ಯಾವುದರ ಚೀಟಿನೂ ಇಟ್ಟಿಲ್ಲ.

ತಂಗಿ ಮದುವ್ಯಾಗಿನ ಫೋಟೋ ಎಷ್ಟು ಕತ್ತರಿಸಿದ್ರೂ
ಭುಜದ ಮ್ಯಾಲೆ ನಾಕು ಬೆರಳು ಉಳೀತಾವ.
ಹೊಸದು ತಗದೆ,
ಹೆಲ್ಮೆಟ್ ಹಾಕ್ಕೊಂಡ, ಕಾಟಾದ ಮುಂದ.

"ಕಸ್ತೂರಿ. ಮೂವತ್ತೊಂಬತ್ತು. ಲಾರಿ ತೂಗತೀನಿ.
ಕಣ್ಣಳತಿಯಿಂದ ಎರಡು ಕ್ವಿಂಟಲ್ ಹೆಚ್ಚುಕಡಿಮಿ ಹೇಳತೀನಿ,
ಮನಷ್ಯಾರ ಬಾಬತ್ತಿನ್ಯಾಗ ಒಮ್ಮೆ ಭಾಳ ತಪ್ಪೀನಿ.
ಕೊಂಕಣಿಯಾಗ ಜಗಳ, ಹಿಂದಿಯಾಗ ಲೆಕ್ಕ,
ಅಳೂದು ಮಾತ್ರ ಬಾಗಲಕೋಟಿ ಕನ್ನಡದಾಗ.
ಮೀನು ತಿನ್ನಂಗಿಲ್ಲ, ತಿನ್ನವರ ಬಾಜೂಕ ಕುಂಡ್ರತೀನಿ.
ನಮ್ಮನ್ಯಾಗ ಒಂದು ಕುಕ್ಕರ್ ಐತಿ, ಸೀಟಿ ಹೊಡಿಯಂಗಿಲ್ಲ.
ಅನ್ನ ಬೆಂದದ್ದು ವಾಸನಿಯಿಂದ ತಿಳಕೋಬೇಕು. ಒಗದಿಲ್ಲ.
ನಿಮ್ಮನ್ಯಾಗ ಕೆಟ್ಟಹೋಗಿ, ಇನ್ನೂ ಒಗೀಲಾರದ ಇಟ್ಟದ್ದು
ಏನೈತಿ?"

ಬಾಗಿಲ ಅರ್ಧ ತಗದಿಟ್ಟು
ಒಳಗ ಕುಂತಂಗ ಆತು.

ಬೆಳಗಾಗೂದ್ರಾಗ ಹದಿನೇಳು ಹಾಯ್.
ಒಬ್ಬಾಂವ ಗುಲಾಬಿ ಕಳಿಸಿದ್ದ.
ಒಬ್ಬಾಂವ "ಊಟ ಆತೇನ್ರಿ", ಮುಂಜಾನೆ ಐದೂವರಿಗೆ.
ಒಬ್ಬಾಂವ ತೂಕ ಕೇಳಿದ, ನಂದು.
ಬ್ಲಾಕ್ ಮಾಡೂದು ಸ್ನೇಹಲ್ ಮೊದಲ ಕಲಿಸಿದ್ಲು.

ಆಮ್ಯಾಲೆ ಕುಡಚಡೆಯಿಂದ ಒಬ್ಬರು,
ಫೋಟೋದಾಗ ಮುಖಕ್ಕಿಂತ ಮೋಡಾನ ಹೆಚ್ಚು,
"ರೇಡಿಯೋ. ಬರೇ ಗೊರ್ ಅಂತೈತಿ.
ಮಿಂಚು ಹೊಡದ್ರ ಅರ್ಧ ನಿಮಿಷ ಸುದ್ದಿ ಹೇಳತೈತಿ,
ಯಾವ ಊರಿಂದೋ ತಿಳಿಯಂಗಿಲ್ಲ. ಅದಕ್ಕ ಒಗದಿಲ್ಲ.
ಒಂದು ಕೇಳಲೇನ್ರಿ?
ಹೋಗಿದ್ದು ಸೀಟಿನೋ,
ಒಳಗಿನ ರಬ್ಬರ್ ಸಡಲಾಗೈತೋ?"

ರಬ್ಬರ್.
ನಾಕು ವರ್ಷ ಆತು, ನಾ ಬಿಚ್ಚಿ ನೋಡೇ ಇಲ್ಲ.

ಬೆರಳು ಅಕ್ಷರದ ಮ್ಯಾಲೆ ನಿಂತೈತಿ.
ಹೊರಗ ಲಾರಿಯಾಂವ ಹಾರ್ನ್ ಮ್ಯಾಲೆ ಹಾರ್ನ್.
ತಡಿಯೋ ಮಾರಾಯಾ,
ಅಂಕಿ ಇನ್ನೂ ನಿಂತಿಲ್ಲ.