ಒಳ್ಳೆಯ ಹುಲ್ಲು

ಸಿಮಂಜಿರೋ ಬಯಲಿಗೆ ಮಳೆ ಬಿದ್ದು ಎಂಟು ದಿನ.
ಗೊರಸು ಮುಚ್ಚುವಷ್ಟು ಹುಲ್ಲು, ಚಿವುಟಿದರೆ ರಸ.
ನಾವು ಮಾತ್ರ ದನ ಹೊಡೆದುಕೊಂಡು
ಕಲ್ಲುಗುಡ್ಡ ಹತ್ತುತ್ತಿದ್ದೇವೆ.

ಕೆಳಗೆ ವಿಲ್ಡೆಬೀಸ್ಟ್ ಈಯುತ್ತಿವೆ,
ಸಾವಿರ, ಮತ್ತೂ ಸಾವಿರ.
ಬಿದ್ದ ಕರು ಏಳುತ್ತದೆ, ಮುಗ್ಗರಿಸುತ್ತದೆ,
ಹುಲ್ಲಿಗೆ ಮೂಗು ಒರೆಸುತ್ತದೆ.
ಅದಕ್ಕೇನೂ ಇಲ್ಲ. ಒಂದು ಸೀನೂ ಇಲ್ಲ.

ಹೋದ ವರ್ಷ ಲೆಸಿಕಾರ್ ಅಂದ:
ಒಂದೇ ದಿನ, ಅಂಚಿನಲ್ಲಿ ಮಾತ್ರ.
ಮೂರನೆಯ ವಾರ ಅವನ ಬೂದುಹಸುವಿನ ಕಣ್ಣು
ಕೆನೆಗಟ್ಟಿತು,
ಕೆಚ್ಚಲು ಬತ್ತಿ ಹಾಲೆಲ್ಲ ಅಲ್ಲಿಗೇ ಏರಿದ ಹಾಗೆ.
ಕರುವನ್ನು ನೆಕ್ಕಲು ಹೋಗಿ
ದೊಡ್ಡಿಯ ಮುಳ್ಳುಬೇಲಿ ನೆಕ್ಕಿತು.

ರಕ್ತ ತೆಗೆಯಲು ಬಂದ ಹುಡುಗ ಕೇಳಿದ,
ಕೂಗಿ ಓಡಿಸಬಾರದೇ ಅವನ್ನು?
ಅತ್ತೆ ನಶ್ಯ ಏರಿಸುತ್ತ ನಕ್ಕಳು:
ಬಾಣಂತಿಯರ ಮೇಲೆ ಕಲ್ಲೆಸೆದು
ಯಾರ ಮನೆ ಉಳಿದಿದೆ, ಮಗಾ?

ಮೂರು ತಿಂಗಳು. ಆ ಕರುಗಳ
ಮೈಬಣ್ಣ ತಿರುಗಲಿ, ಮಳೆ ತೊಳೆಯಲಿ, ಬಿಸಿಲು ಸುಡಲಿ.
ಆಮೇಲೆ ಇಳಿಯುತ್ತೇವೆ,
ಅವು ಮೇದು ಬಿಟ್ಟ ಬುಡಕ್ಕೆ.

ಸಂಜೆ ಗಾಳಿ ಬಯಲಿಂದ ಮೇಲಕ್ಕೆ ಬೀಸಿದರೆ
ದನವೆಲ್ಲ ಒಟ್ಟಿಗೆ ತಲೆಯೆತ್ತುತ್ತವೆ.
ಕೋಲು ಅಡ್ಡ ಹಿಡಿದು ನಿಂತಿದ್ದೇನೆ.
ನನ್ನ ಬಾಯಲ್ಲೂ ನೀರು.